ಮಗುವಿಗೆ ಬೇಕಾದಷ್ಟು ನೆಲ

— ದೊಡ್ಡಮ್ಮ, ಸಣ್ಣವಳಿಗೆ ಹತ್ತು ತಿಂಗಳು ತುಂಬಿತು. ಹೊಟ್ಟೆಯ ಮೇಲೆ ತೆವಳ್ತಾಳೆ, ಅಂಬೆಗಾಲು ಇನ್ನೂ ಇಲ್ಲ. ಕಾರ್ಕಳದಿಂದ ಅತ್ತೆ-ಮಾವ ಬರುವಾಗ ವಾಕರ್ ತಂದಿದ್ದಾರೆ. ಪ್ಯಾಕ್ ಬಿಚ್ಚದೆ ಇಟ್ಟಿದ್ದೇನೆ. ನೀವು ಅಂಗನವಾಡಿಯಲ್ಲಿ ಇದ್ದವರು, ಏನು ಹೇಳ್ತೀರಿ?

— ಬಿಚ್ಚಬೇಡ ಮಗಾ. ಅಂಗಡಿಯವರು ಹಿಂದೆ ತಗೊಳ್ಳುವುದಾದರೆ ಕೊಟ್ಟುಬಿಡು. ಆ ದುಡ್ಡಿಗೆ ಒಳ್ಳೆಯ ಚಾಪೆ ಬರ್ತದೆ.

— ಪ್ರೀತಿಯಿಂದ ತಂದದ್ದು ದೊಡ್ಡಮ್ಮ. ಬೇಡ ಅನ್ನಬೇಕಾದರೆ ಕಾರಣ ಹೇಳಬೇಕಲ್ಲ ಅವರಿಗೆ.

— ಕಾರಣ ಉಂಟು. ವಾಕರಿನಲ್ಲಿ ಕೂತ ಮಗುವಿನ ಭಾರವನ್ನು ಹೊರುವುದು ಆ ಬಟ್ಟೆಯ ಸೀಟು. ಮಗು ಕಾಲ್ಬೆರಳ ತುದಿಯಿಂದ ನೆಲವನ್ನು ಹಿಂದೆ ತಳ್ತದೆ, ಗಾಲಿ ಮುಂದೆ ಉರುಳ್ತದೆ. ನಡಿಗೆಯಲ್ಲಿ ಕಷ್ಟದ ಭಾಗ ಯಾವುದು? ಒಂದು ಕಾಲಿನ ಮೇಲೆ ಮೈಯ ಭಾರ ಹಾಕಿ, ಬೀಳದ ಹಾಗೆ ಇನ್ನೊಂದನ್ನು ಎತ್ತುವುದು. ಅದನ್ನು ವಾಕರ್ ಕಲಿಸುವುದೇ ಇಲ್ಲ. ಎದುರಿಗಿರುವ ಆ ತಟ್ಟೆಯಿಂದಾಗಿ ಮಗುವಿಗೆ ತನ್ನ ಪಾದವೇ ಕಾಣುವುದಿಲ್ಲ. ಮೆಟ್ಟಿಲಿನಿಂದ ಉರುಳಿದ್ದು, ಒಲೆಯ ಹತ್ತಿರ ಹೋಗಿ ಬಿಸಿನೀರು ಮೈಮೇಲೆ ಎಳೆದುಕೊಂಡದ್ದು, ಇಂಥವು ಎಷ್ಟೋ ಊರುಗಳಲ್ಲಿ ಆಗಿವೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ವಾಕರಿನಲ್ಲಿ ಬೆಳೆದ ಮಕ್ಕಳು ಬೇಗ ನಡೆಯುವುದಿಲ್ಲ, ಕೆಲವರಿಗೆ ತಡವೇ ಆಗ್ತದೆ ಅಂತ ಅಧ್ಯಯನ ಮಾಡಿದವರು ಹೇಳಿದ್ದಾರೆ. ನಿನ್ನ ಮಾವನವರಿಗೆ ಕೋಪ ಬಾರದ ಹಾಗೆ ಇಷ್ಟನ್ನು ಹೇಳು.

— ಸರಿ. ಆದರೆ ಅಂಬೆಗಾಲು? ನನ್ನ ಜೊತೆ ಕೆಲಸ ಮಾಡುವವರ ಮಗು ಏಳನೇ ತಿಂಗಳಿಗೇ ಮನೆಯೆಲ್ಲ ಸುತ್ತಿತಂತೆ.

— ಏಳನೇ ತಿಂಗಳೂ ಸರಿ, ಹದಿಮೂರೂ ಸರಿ. ವಿಶ್ವ ಆರೋಗ್ಯ ಸಂಸ್ಥೆಯವರು ಐದು ದೇಶಗಳಲ್ಲಿ ಮಕ್ಕಳನ್ನು ತಿಂಗಳು ತಿಂಗಳು ನೋಡಿ 2006ರಲ್ಲಿ ಲೆಕ್ಕ ಪ್ರಕಟಿಸಿದರು. ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತೆ ನಮ್ಮ ದೆಹಲಿ. ಆರೋಗ್ಯವಾಗಿ ಬೆಳೆಯುವ ಮಕ್ಕಳು ಆಸರೆ ಇಲ್ಲದೆ ಕೂತದ್ದು 3.8ರಿಂದ 9.2 ತಿಂಗಳ ಒಳಗೆ. ಕೈ-ಮಂಡಿ ಊರಿ ಅಂಬೆಗಾಲಿಟ್ಟದ್ದು 5.2ರಿಂದ 13.5ರ ಒಳಗೆ. ತಾವಾಗಿ ನಡೆದದ್ದು 8.2ರಿಂದ 17.6ರ ಒಳಗೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡದೆಯೇ ನೇರ ನಡಿಗೆಗೆ ಹೋದವರು. ನಿನ್ನ ಮಗಳಿಗೆ ಇನ್ನೂ ಎಷ್ಟು ಸಮಯ ಉಂಟು ನೋಡು. ಒಬ್ಬರ ಮಗುವನ್ನು ಇನ್ನೊಬ್ಬರ ಮಗುವಿನ ಪಕ್ಕ ನಿಲ್ಲಿಸಿ ಅಳೆಯುವ ಅಭ್ಯಾಸದಿಂದ ಎಷ್ಟು ತಾಯಂದಿರು ನಿದ್ದೆಗೆಟ್ಟದ್ದನ್ನು ನಾನು ಕಂಡಿದ್ದೇನೆ.

— ಹಾಗಾದರೆ ನಾವು ಸುಮ್ಮನೆ ಕಾಯುವುದಾ?

— ಸುಮ್ಮನೆ ಅಲ್ಲ. ದಿನಕ್ಕೆ ಎಷ್ಟು ಹೊತ್ತು ಅವಳು ನೆಲದ ಮೇಲೆ ಇರ್ತಾಳೆ?

— ನೆಲದ ಮೇಲೆ… ಬೆಳಿಗ್ಗೆ ಅವಳ ಅಮ್ಮ ಎತ್ತಿಕೊಂಡಿರ್ತಾಳೆ. ಆಮೇಲೆ ಊಟದ ಕುರ್ಚಿ. ಮಧ್ಯಾಹ್ನ ತೊಟ್ಟಿಲು. ಸಂಜೆ ನಾನು ಮಣಿಪಾಲದ ಕ್ಯಾಂಪಸ್ ರಸ್ತೆಯಲ್ಲಿ ತಳ್ಳುಗಾಡಿಯಲ್ಲಿ ಕರ್ಕೊಂಡು ಹೋಗ್ತೇನೆ. ಮಳೆ ಬಂದರೆ ಹಾಸಿಗೆ ಮೇಲೆ.

— ಈಗ ಗೊತ್ತಾಯಿತಲ್ಲ. ಎಲ್ಲರ ಕೈಯಲ್ಲೂ ಮಗು ಸುಖವಾಗಿ ಉಂಟು, ನೆಲ ಮಾತ್ರ ಸಿಕ್ಕಿಲ್ಲ. ಒಂದು ವರ್ಷದೊಳಗಿನ ಮಗುವನ್ನು ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕುರ್ಚಿ, ಗಾಡಿಯಲ್ಲಿ ಕಟ್ಟಿ ಕೂರಿಸಬಾರದು ಅಂತ ಅದೇ ಸಂಸ್ಥೆಯವರು 2019ರಲ್ಲಿ ಹೇಳಿದ್ದಾರೆ. ಇನ್ನೂ ಸರಿಯದ ಕೂಸನ್ನು ಎಚ್ಚರ ಇರುವಾಗ ದಿನದಲ್ಲಿ ಒಟ್ಟು ಅರ್ಧ ಗಂಟೆಯಾದರೂ ಕವುಚಿ ಮಲಗಿಸಿ ಆಡಿಸಬೇಕು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ. ಇದನ್ನು ಬಾಣಂತಿಯರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಕವುಚಿದಾಗ ಕತ್ತು ಎತ್ತಬೇಕು, ಕತ್ತು ಎತ್ತಲಿಕ್ಕೆ ಮೊಣಕೈ ಊರಬೇಕು, ಊರಿದ ಮೊಣಕೈಯಿಂದ ಹೆಗಲು ಗಟ್ಟಿ. ಮೈ ಗಟ್ಟಿಯಾಗುವುದು ತಲೆಯಿಂದ ಕೆಳಕ್ಕೆ, ನಡುವಿನಿಂದ ತುದಿಗೆ. ಬೆರಳಿನ ಚುರುಕು ಬರುವುದು ಎಲ್ಲಕ್ಕಿಂತ ಕೊನೆಗೆ.

— ನಮ್ಮ ಫ್ಲಾಟಿನ ಟೈಲ್ಸ್ ಜಾರ್ತದೆ ದೊಡ್ಡಮ್ಮ. ತಲೆ ಕುಟ್ಟಿಕೊಂಡರೆ ಅಂತ ಭಯ.

— ಚಾಪೆ ಹಾಸು. ಸಾಕ್ಸ್ ತೆಗೆ, ಬರಿಗಾಲು ಬಿಡು. ಪಾದದ ಅಡಿಗೆ ನೆಲದ ತಂಪು, ಒರಟು, ಇಳಿಜಾರು ಎಲ್ಲ ಗೊತ್ತಾಗಬೇಕು. ಆಟಿಕೆಯನ್ನು ಕೈಗೆ ಕೊಡಬೇಡ, ಅವಳ ಕೈಗೆ ಸಿಗುವುದಕ್ಕಿಂತ ಒಂದು ಗೇಣು ಆಚೆ ಇಡು. ನೀನು ನೆಲದ ಮೇಲೆ ಉದ್ದಕ್ಕೆ ಮಲಗು, ನಿನ್ನ ಹೊಟ್ಟೆಯನ್ನು ಹತ್ತಿ ಇಳಿಯಲಿ. ತಲೆದಿಂಬು ಎರಡು ಅಡ್ಡ ಹಾಕಿದರೆ ಅದೇ ಗುಡ್ಡ. ನಮ್ಮ ಹಳೆಯ ಮನೆಗಳಲ್ಲಿ ಇದಕ್ಕೆಲ್ಲ ವ್ಯವಸ್ಥೆ ಮಾಡಬೇಕಾಗಿಯೇ ಇರಲಿಲ್ಲ. ಚಾವಡಿ ಉಂಟು, ಜಗಲಿ ಉಂಟು, ಎತ್ತರದ ಹೊಸ್ತಿಲು ಉಂಟು. ಹೊಸ್ತಿಲು ದಾಟಿದ ದಿನ ಮನೆಯಲ್ಲಿ ಸಿಹಿ ಮಾಡ್ತಿದ್ದರಲ್ಲ, ಆ ಸಿಹಿ ಸುಮ್ಮನೆ ಅಲ್ಲ. ಕೈ ಆಚೆ ಊರಿ, ಹೊಟ್ಟೆ ಹೊಸ್ತಿಲ ಮೇಲೆ ತಂದು, ಒಂದು ಮಂಡಿ ಎತ್ತಿ ದಾಟುವುದು ಅಂದರೆ ಮಗು ಆವರೆಗೆ ಮಾಡಿದ ಕೆಲಸಗಳಲ್ಲೆಲ್ಲ ದೊಡ್ಡದು.

— ಬೀಳುವುದು?

— ಬೀಳಲಿ ಮಾರಾಯ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಅನ್ನುವವರು ಮತ್ತು ಅವರ ಜೊತೆಯವರು ಒಂದು ವರ್ಷದಿಂದ ಒಂದೂವರೆ ವರ್ಷ ದಾಟಿದ ಮಕ್ಕಳನ್ನು ಆಡಲು ಬಿಟ್ಟು ಎಣಿಸಿದರಂತೆ. ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. 2012ರಲ್ಲಿ ಬಂದ ಲೆಕ್ಕ ಇದು. ಯೋಚನೆ ಮಾಡು, ಯಾವ ತರಬೇತಿಯಲ್ಲಿ ಒಂದು ಗಂಟೆಗೆ ಎರಡು ಸಾವಿರ ಸಲ ಅಭ್ಯಾಸ ಮಾಡಿಸಲಿಕ್ಕೆ ಸಾಧ್ಯ? ಮಗು ಅದನ್ನು ಯಾರೂ ಹೇಳದೆ ಮಾಡ್ತದೆ. ನಾವು ಎತ್ತಿಕೊಂಡಷ್ಟು ಹೊತ್ತು ಆ ಹೆಜ್ಜೆಗಳು ನಷ್ಟ. ಎತ್ತಿಕೊಳ್ಳಬೇಡ ಅಂತ ನಾನು ಹೇಳುವುದಿಲ್ಲ. ಅತ್ತರೆ, ಹೆದರಿದರೆ, ನಿದ್ದೆ ಬಂದರೆ ಎತ್ತಿಕೊಳ್ಳಲೇಬೇಕು. ಆಡುವ ಮನಸ್ಸು ಇರುವಾಗ ಕೆಳಗೆ ಇಳಿಸು.

— ಕೈ ಹಿಡಿದು ನಡೆಸಬಹುದಾ? ಎರಡೂ ಕೈ ಮೇಲೆ ಎತ್ತಿ ಹಿಡಿದರೆ ಅವಳು ಕುಣಿದುಕೊಂಡು ಹೋಗ್ತಾಳೆ.

— ಸಂತೋಷಕ್ಕೆ ಸ್ವಲ್ಪ ಹೊತ್ತು ಮಾಡು, ಅಭ್ಯಾಸ ಅಂತ ಮಾಡಬೇಡ. ಹಂಗೇರಿಯ ಬುಡಾಪೆಸ್ಟಿನಲ್ಲಿ ಎಮ್ಮಿ ಪಿಕ್ಲರ್ ಅನ್ನುವ ಮಕ್ಕಳ ವೈದ್ಯೆ ಇದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಪ್ಪ-ಅಮ್ಮ ಇಲ್ಲದ ಶಿಶುಗಳಿಗಾಗಿ ಒಂದು ಮನೆ ಶುರು ಮಾಡಿದರು. ತಾನಾಗಿ ಕೂರಲಾಗದ ಮಗುವನ್ನು ಅಲ್ಲಿ ಯಾರೂ ಕೂರಿಸುತ್ತಿರಲಿಲ್ಲ, ತಾನಾಗಿ ನಿಲ್ಲದ ಮಗುವನ್ನು ನಿಲ್ಲಿಸುತ್ತಿರಲಿಲ್ಲ. ಜಾಗ ಕೊಟ್ಟು, ಹತ್ತಿರ ಇದ್ದು, ನೋಡುತ್ತಿದ್ದರು. ನಾನು ಅಷ್ಟು ಕಟ್ಟುನಿಟ್ಟಿನವಳಲ್ಲ. ಆದರೆ ತಾನಾಗಿ ಎದ್ದು ನಿಂತ ಮಗುವಿಗೆ ಕೂರುವ ದಾರಿಯೂ ಗೊತ್ತಿರ್ತದೆ ಅನ್ನುವುದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ನಾವು ನಿಲ್ಲಿಸಿದ ಮಗು ನಿಂತಲ್ಲೇ ಅಳ್ತದೆ, ಇಳಿಯಲಿಕ್ಕೆ ಬರುವುದಿಲ್ಲ.

— ದೊಡ್ಡವನ ಸಂಗತಿ ಬೇರೆ. ನಾಲ್ಕು ವರ್ಷ. ಶಾಲೆಯಿಂದ ದಿನವೂ ಎರಡು ಪುಟ ಬರೆಯಲಿಕ್ಕೆ ಕೊಡ್ತಾರೆ. ಪೆನ್ಸಿಲ್ ಹಿಡಿದರೆ ಐದು ನಿಮಿಷಕ್ಕೆ ಕೈ ನೋಯ್ತದೆ ಅಂತಾನೆ. ಸಾಲು ತಪ್ಪಿ ಬರೀತಾನೆ. ಟೀಚರ್ ಅಭ್ಯಾಸ ಹೆಚ್ಚು ಮಾಡಿಸಿ ಅಂದರು.

— ನಾನಾದರೆ ಅಭ್ಯಾಸದ ಪುಸ್ತಕವನ್ನು ಕಪಾಟಿನಲ್ಲಿಟ್ಟು, ಮೊದಲು ಹೆಗಲು ಗಟ್ಟಿಯಾಗಲಿ ಅಂತ ಅವನನ್ನು ಜೋಕಾಲಿಯ ಹಗ್ಗಕ್ಕೆ ಜೋತು ಬಿಡ್ತಿದ್ದೆ. ಎರಡು ವರ್ಷದ ಮಗು ಗೆರೆ ಎಳೀತದೆ, ಮೂರಕ್ಕೆ ದುಂಡಗೆ ಸುತ್ತಲಿಕ್ಕೆ ಬರ್ತದೆ, ನಾಲ್ಕಕ್ಕೆ ಅಡ್ಡ-ಉದ್ದ ಕೂಡಿಸುವ ಗುರುತು, ಚೌಕಕ್ಕೆ ಐದಾದರೂ ಬೇಕು. ನಮ್ಮ ಕನ್ನಡದ ಅಕ್ಷರ ಒಂದೊಂದೂ ಸುಳಿ ಸುಳಿ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಿನಲ್ಲಿ ಬರೆಸ್ತೇವಲ್ಲ, ಅದರಲ್ಲಿ ವಿವೇಕ ಉಂಟು. ಇಡೀ ತೋಳು ಆಡ್ತದೆ, ಬೆರಳಿಗೆ ಅಕ್ಕಿಯ ಒತ್ತು ಸಿಗ್ತದೆ, ತಪ್ಪಿದರೆ ಅಳಿಸಿದ ಗುರುತೂ ಇಲ್ಲ. ಆ ಅಕ್ಕಿಯ ತಟ್ಟೆಯನ್ನು ಒಂದು ದಿನಕ್ಕೆ ಮುಗಿಸಬೇಡಿ, ಮನೆಯಲ್ಲಿ ಇಡಿ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ 1930ರ ದಶಕದಲ್ಲೇ ಮಕ್ಕಳಿಗೆ ಆಟ, ಕುಣಿತ, ಚಿತ್ರದ ಮೂಲಕ ಕಲಿಸುವ ಪ್ರಯೋಗ ಮಾಡಿದರು. ನಾವು ಇಷ್ಟು ವರ್ಷ ಆದ ಮೇಲೆ ನಾಲ್ಕು ವರ್ಷದ ಮಗುವಿಗೆ ಎರಡು ಪುಟ ಹೋಂವರ್ಕ್ ಕೊಡ್ತೇವೆ. ನನಗೆ ಇದು ತುಂಬಾ ಬೇಸರದ ವಿಷಯ.

— ಕೈಗೆ ಬಲ ಬರಲಿಕ್ಕೆ ಮನೆಯಲ್ಲಿ ಏನು ಮಾಡಿಸುವುದು? ಕ್ಲೇ ತಂದಿದ್ದೇವೆ, ಬ್ಲಾಕ್ಸ್ ಉಂಟು.

— ಅವೂ ಇರಲಿ. ಅಡುಗೆಮನೆಗೆ ಕರ್ಕೊಂಡು ಹೋಗು. ಅಲಸಂಡೆ ಮುರಿಯಲಿ, ಬಸಳೆಯ ಎಲೆ ಬಿಡಿಸಲಿ. ಚಪಾತಿ ಹಿಟ್ಟನ್ನು ಎರಡೂ ಅಂಗೈ ಊರಿ ನಾದಲಿ, ಹೆಗಲಿನಿಂದ ಬಲ ಬಿದ್ದೇ ಬೀಳ್ತದೆ. ಸಾಂಬಾರಿಗೆ ಹಾಕುವ ಹಲಸಿನ ಬೀಜದ ಮೇಲಿನ ಸಿಪ್ಪೆ ಸುಲಿಯಲಿ. ಒದ್ದೆ ಬಟ್ಟೆಯ ಒಂದು ತುದಿ ಅವನು, ಇನ್ನೊಂದು ತುದಿ ನೀನು ಹಿಡಿದು ಹಿಂಡಿ. ಬಟ್ಟೆಗೆ ಕ್ಲಿಪ್ ಹಾಕುವುದು ಅವನ ಕೆಲಸ. ಶಂಕರಪುರದ ಕಡೆ ನಾನು ಮನೆ ಭೇಟಿಗೆ ಹೋಗುವಾಗ ನೋಡ್ತಿದ್ದೆ. ಬೆಳಿಗ್ಗೆ ಮಲ್ಲಿಗೆಯ ಮೊಗ್ಗು ಕೊಯ್ದು ತಂದು, ಮನೆಯವರೆಲ್ಲ ಕೂತು ಬಾಳೆನಾರಿನಲ್ಲಿ ಕಟ್ಟುವುದು. ಆ ವೇಗಕ್ಕೆ ನಮ್ಮ ಕಣ್ಣು ಹಿಡಿಯುವುದಿಲ್ಲ. ಎಡಗೈ ಮೊಗ್ಗು ಹಿಡಿಯುವಾಗ ಬಲಗೈ ನಾರು ಸುತ್ತಬೇಕು, ಎರಡಕ್ಕೂ ಬೇರೆ ಬೇರೆ ಕೆಲಸ, ಎರಡೂ ಒಂದೇ ತಾಳದಲ್ಲಿ. ಅಜ್ಜಿಯ ಪಕ್ಕ ಕೂತ ಐದು ವರ್ಷದ ಮಗು ಮೊಗ್ಗುಗಳನ್ನು ಜೋಡಿ ಜೋಡಿ ಮಾಡಿ ಸಾಲಿಗೆ ಇಡ್ತದೆ, ತನಗೂ ಒಂದು ತುಂಡು ನಾರು ಬೇಕು ಅಂತ ಹಟ ಮಾಡ್ತದೆ. ದುಡಿಸಿ ಅಂತ ನಾನು ಹೇಳುವುದಲ್ಲ. ಮಗು ಕೇಳಿದಾಗ ಆ ತುಂಡು ನಾರು ಕೊಡಿ.

— ಚೆನ್ನೆಮಣೆ? ಕಾರ್ಕಳದ ಮನೆಯ ಅಟ್ಟದಲ್ಲಿ ಒಂದು ಉಂಟು.

— ಇಳಿಸಿ ತಾ. ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಮುಷ್ಟಿಯಲ್ಲಿ ಹಿಡಿದುಕೊಂಡು ಹೆಬ್ಬೆರಳಿನಿಂದ ಒಂದೊಂದೇ ಜಾರಿಸಿ ಹಾಕಬೇಕು. ಪೆನ್ಸಿಲ್ ಹಿಡಿಯಲಿಕ್ಕೆ ಬೇಕಾದ್ದು ಇದೇ ಬೆರಳು. ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲು ಆಗದ ದಿನಗಳಿಗೆ ನಮ್ಮ ಹಿರಿಯರು ಇಟ್ಟುಕೊಂಡ ಆಟ. ಆದರೆ ಒಂದು ಮಾತು: ಸಣ್ಣವಳು ಎಚ್ಚರ ಇರುವಾಗ ಆಡಬೇಡಿ. ಮಂಜೊಟ್ಟಿ, ಹುಣಸೆ ಬೀಜ, ಕಡಲೆಬೀಜ ಯಾವುದೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಶ್ವಾಸನಾಳಕ್ಕೆ ಹೋದರೆ ಆಸ್ಪತ್ರೆ ಮುಟ್ಟುವಷ್ಟು ಸಮಯವೂ ಇರುವುದಿಲ್ಲ. ಆಟ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿ, 56 ಇದೆಯಾ ಅಂತ. ಕಾರ್ಕಳದ ತೋಟದಲ್ಲಿ ಕೆರೆಗೆ ಬೇಲಿ, ಬಾವಿಗೆ ಬಲೆ ಉಂಟಾ ಅಂತಲೂ ನೋಡಿಕೋ. ಸ್ನಾನದ ಮನೆಯಲ್ಲಿ ನೀರು ತುಂಬಿದ ಬಕೆಟ್ ಬಿಡಬೇಡಿ. ಇಷ್ಟು ಮಾಡಿದ ಮೇಲೆ ಉಳಿದ ತರಚು ಗಾಯಗಳಿಗೆ ಹೆದರಬೇಡ.

— ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯೇ ಮಳೆ. ನಾಲ್ಕು ತಿಂಗಳು ಐದನೇ ಮಹಡಿಯಲ್ಲಿ ಈ ಹುಡುಗನನ್ನು ಹೇಗೆ ಓಡಿಸುವುದು? ಟಿ.ವಿ. ಹಾಕಿದರೆ ಕೂರ್ತಾನೆ, ಇಲ್ಲದಿದ್ದರೆ ಸೋಫಾದಿಂದ ಹಾರ್ತಾನೆ.

— ಸೋಫಾದಿಂದ ಹಾರುವುದು ಒಳ್ಳೆಯ ಸುದ್ದಿ. ಕೆಳಗೆ ಹಾಸಿಗೆ ಹಾಕಿ ಹಾರಲಿಕ್ಕೆ ಬಿಡು. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಷ್ಟು. ಪರದೆಯ ಮುಂದೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆ ಆದಷ್ಟೂ ಒಳ್ಳೆಯದು. ಸಣ್ಣವಳಿಗೆ ಪರದೆಯೇ ಬೇಡ. 180 ಅಂದ ಕೂಡಲೇ ಗಾಬರಿಯಾಗಬೇಡ, ಅದು ದಿನವಿಡೀ ಚೂರು ಚೂರಾಗಿ ಸೇರುವುದು. ಲಿಫ್ಟ್ ಬಿಟ್ಟು ಐದು ಮಹಡಿ ಕೈ ಹಿಡಿದು ಹತ್ತಿಸು. ಚಾಕ್‌ನಲ್ಲಿ ಕುಂಟೆಬಿಲ್ಲೆಯ ಮನೆ ಬರೆ. ಒಂಟಿ ಕಾಲಲ್ಲಿ ಕುಪ್ಪಳಿಸಲು ನಾಲ್ಕರ ಸುಮಾರಿಗೆ ಬರ್ತದೆ, ಬಾರದಿದ್ದರೆ ಎರಡು ಕಾಲಲ್ಲಿ ಹಾರಲಿ. ಎರಡು ಗೆರಟೆಗೆ ತೂತು ಹಾಕಿ ಹಗ್ಗ ಪೋಣಿಸಿ ಕೊಡು. ಗೆರಟೆಯ ಮೇಲೆ ನಿಂತು, ಹಗ್ಗ ಎಳೆದು ಹಿಡಿದು ನಡೆಯಬೇಕು. ಕೈ ಎತ್ತದಿದ್ದರೆ ಕಾಲು ಏಳುವುದಿಲ್ಲ. ಮೊದಲು ನೀನು ಹಿಂದೆ ನಿಂತು ಸೊಂಟ ಹಿಡಿ.

— ಯಕ್ಷಗಾನ ನೋಡಿ ಬಂದ ಮೇಲೆ ಹಾಲ್‌ನಲ್ಲಿ ಗಿರಗಿರ ತಿರುಗುವುದು ಶುರು ಮಾಡಿದ್ದಾನೆ. ಧೀಂಗಿಣ ಅಂತೆ. ತಲೆ ಸುತ್ತಿ ಬೀಳ್ತಾನೆ, ಎದ್ದು ಮತ್ತೆ ತಿರುಗ್ತಾನೆ. ಅವನ ಅಮ್ಮ ಬೈತಾಳೆ.

— ಬೈಯಬೇಡಿ ಅಂತ ಹೇಳು. ಮೇಜು-ಕುರ್ಚಿ ಸರಿಸಿ ಜಾಗ ಕೊಡಿ. ಕಿವಿಯ ಒಳಗೆ ಮೂರು ಸಣ್ಣ ಅರ್ಧವೃತ್ತದ ಕೊಳವೆಗಳು ಉಂಟು, ಅದರಲ್ಲಿ ದ್ರವ. ತಲೆ ತಿರುಗಿದಾಗ ಆ ದ್ರವ ಆಡ್ತದೆ, ಮೈ ಯಾವ ಕಡೆ ವಾಲಿತು ಅಂತ ಮಿದುಳಿಗೆ ತಿಳೀತದೆ. ಕಣ್ಣು ಒಂದು ಹೇಳ್ತದೆ, ಕಿವಿ ಒಂದು ಹೇಳ್ತದೆ, ಕಾಲಿನ ಗಂಟುಗಳು ಇನ್ನೊಂದು. ಮೂರನ್ನೂ ಹೊಂದಿಸಿಕೊಳ್ಳುವುದನ್ನೇ ನಾವು ಸಮತೋಲ ಅನ್ನುವುದು. ಅದು ತಿರುಗಿ, ತೂಗಿ, ಉರುಳಿಯೇ ಬರಬೇಕು. ಹೆಜ್ಜೆ ಕಲಿಯಲಿಕ್ಕೆ ಕಳಿಸುವ ವಯಸ್ಸು ಅವನಿಗೆ ಇನ್ನೂ ಆಗಿಲ್ಲ, ಆದರೆ ಚೆಂಡೆ-ಮದ್ದಳೆಯ ಹಾಡು ಹಾಕಿ, ಅವನ ಜೊತೆ ನೀನೂ ತಾಳಕ್ಕೆ ಕಾಲು ಕುಟ್ಟು. ನಿಧಾನ, ಬೇಗ, ಫಕ್ಕನೆ ನಿಲ್ಲುವುದು. ನಿಲ್ಲುವುದು ಕುಣಿಯುವುದಕ್ಕಿಂತ ಕಷ್ಟ, ನೋಡ್ತಾ ಇರು. ಅಷ್ಟಮಿ ಕಳೆದ ಮರುದಿನ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಗೆ ಕರ್ಕೊಂಡು ಹೋಗು. ಹುಲಿವೇಷದ ತಾಸೆಯ ಪೆಟ್ಟು ಕೇಳಿದ ಮಗುವಿಗೆ ಕುಣಿ ಅಂತ ಯಾರೂ ಹೇಳಬೇಕಾಗಿಲ್ಲ.

— ಕಾಪುವಿಗೆ ನಿಮ್ಮ ಮನೆಗೆ ಬಂದಾಗ ಅವನು ಬೇರೆಯೇ ಹುಡುಗ ದೊಡ್ಡಮ್ಮ.

— ಕಡಲ ಬದಿಯ ಹೊಯಿಗೆ ಕಾರಣ. ಮೆತ್ತನೆಯ ಹೊಯಿಗೆಯಲ್ಲಿ ಒಂದು ಹೆಜ್ಜೆ ಇಡಲಿಕ್ಕೆ ಮನೆಯ ನೆಲದ ಮೇಲಿನದ್ದಕ್ಕಿಂತ ಎಷ್ಟೋ ಬಲ ಬೇಕು. ಕಾಲ್ಬೆರಳು ಕಚ್ಚಿ ಹಿಡಿಯಬೇಕು, ಹಿಮ್ಮಡಿ ಹೂತುಹೋಗ್ತದೆ, ಮೊಣಕಾಲು ಎತ್ತಿ ಇಡಬೇಕು. ಮಳೆಗಾಲ ಕಳೆದ ಮೇಲೆ ದೀಪಸ್ತಂಭದ ಬಂಡೆಯ ಈಚೆ, ನೀರಿನಿಂದ ದೂರ, ಬರಿಗಾಲಲ್ಲಿ ಬಿಡು. ಗುಂಡಿ ತೋಡಲಿ, ಒದ್ದೆ ಹೊಯಿಗೆ ಬಕೆಟಿನಲ್ಲಿ ಹೊತ್ತು ತರಲಿ. ಮಳೆಗಾಲದ ಸಮುದ್ರದ ಹತ್ತಿರ ಮಾತ್ರ ಹೋಗಲೇಬೇಡಿ. ಕಾರ್ಕಳಕ್ಕೆ ಹೋದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಉಂಟಲ್ಲ, ತಂಗಿಯನ್ನು ಕೂರಿಸಿ ಅವನು ಎಳೆಯಲಿ. ಎಳೆಯುವವನಿಗೆ ಬೆನ್ನು, ತೋಳು, ಕಾಲು ಎಲ್ಲಕ್ಕೂ ಕೆಲಸ. ಕೂತವಳಿಗೆ ವಾಲಿದಾಗ ಮೈ ನೇರ ಮಾಡಿಕೊಳ್ಳುವ ಕೆಲಸ. ನೀನು ಅವಳ ಪಕ್ಕದಲ್ಲೇ ಬಗ್ಗಿ ನಡೆದುಕೊಂಡು ಬಾ, ಅವಳು ಇನ್ನೂ ಸಣ್ಣವಳು. ಒಂದು ಪೈಸೆ ಖರ್ಚಿಲ್ಲ. ನಾನು ಕಂಡ ಆಟಿಕೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

— ಇದನ್ನೆಲ್ಲ ಯಾರಾದರೂ ಕ್ರಮವಾಗಿ ಬರೆದಿಟ್ಟಿದ್ದಾರಾ? ತಿಂಗಳಿಗೆ ತಕ್ಕ ಹಾಗೆ?

— ಬರೆದಿದ್ದಾರೆ. ಕೇಂದ್ರ ಸರ್ಕಾರದ ‘ನವಚೇತನ’ ಅಂತ 2024ರಲ್ಲಿ ಬಂತು. ಹುಟ್ಟಿನಿಂದ ಮೂರು ವರ್ಷದವರೆಗೆ, ಮನೆಯಲ್ಲೂ ಅಂಗನವಾಡಿಯಲ್ಲೂ ಮಾಡುವಂಥ 140 ಚಟುವಟಿಕೆ. ನಿನ್ನ ಹೆಂಡತಿಯ ತಾಯಿ ಕಾರ್ಡ್ ತೆಗೆದು ನೋಡು, ಯಾವ ತಿಂಗಳಿಗೆ ಮಗು ಏನು ಮಾಡ್ತದೆ ಅಂತ ಅದರಲ್ಲೂ ಚಿತ್ರ ಸಮೇತ ಉಂಟು. ಲಸಿಕೆಯ ಪುಟವನ್ನು ಎಲ್ಲರೂ ನೋಡ್ತಾರೆ, ಆ ಪುಟವನ್ನು ಯಾರೂ ತಿರುವಿ ಹಾಕುವುದಿಲ್ಲ. ಅಂಗನವಾಡಿ ಬಡವರಿಗೆ ಮಾತ್ರ ಅಂತ ಫ್ಲಾಟಿನವರು ತಿಳ್ಕೊಂಡಿದ್ದಾರೆ. ಹಾಗೇನೂ ಇಲ್ಲ, ಹೋಗಿ ಕೇಳಬಹುದು.

— ಕೊನೆಗೆ ಒಂದು ಕೇಳ್ತೇನೆ. ಎಲ್ಲ ಮಕ್ಕಳೂ ತಮ್ಮ ಸಮಯಕ್ಕೆ ಕಲೀತಾರೆ ಅಂತ ನೀವು ಧೈರ್ಯ ಹೇಳಿದ್ರಿ. ಕಾಯಬಾರದ್ದು ಯಾವಾಗ?

— ಇದನ್ನು ನೀನು ಕೇಳದಿದ್ದರೂ ನಾನೇ ಹೇಳ್ತಿದ್ದೆ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ಕಳೆದರೂ ಆಸರೆ ಇಲ್ಲದೆ ಕೂರದಿದ್ದರೆ, ಹದಿನೆಂಟು ತುಂಬಿದರೂ ನಡೆಯದಿದ್ದರೆ ತೋರಿಸಬೇಕು. ವರ್ಷದೊಳಗಿನ ಮಗು ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಟ್ಟುಕೊಂಡರೆ ‘ಎಡಚ’ ಅಂತ ನಕ್ಕು ಬಿಡಬಾರದು. ಎತ್ತಿದಾಗ ಕಾಲು ಕತ್ತರಿಯ ಹಾಗೆ ಬಿಗಿಯಾಗುವುದು, ಇಲ್ಲವೇ ಮೈ ತೀರಾ ಸಡಿಲ ಇರುವುದು, ಎಲ್ಲಕ್ಕಿಂತ ಮುಖ್ಯ, ಮೊದಲು ಬರುತ್ತಿದ್ದದ್ದು ಈಗ ಬಾರದೆ ಹೋಗುವುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಆ ತಿಂಗಳುಗಳನ್ನು ಕಳೆದು ಲೆಕ್ಕ ಹಾಕಬೇಕು. ನಾಲ್ಕೈದು ವರ್ಷದ ಮೇಲೆ ಗುಂಡಿ ಹಾಕಲು, ಚೆಂಡು ಹಿಡಿಯಲು, ಮೆಟ್ಟಿಲು ಇಳಿಯಲು ಬೇರೆ ಮಕ್ಕಳಿಗಿಂತ ತುಂಬಾ ಕಷ್ಟಪಡುವ ಮಕ್ಕಳೂ ಇರ್ತಾರೆ. ಶಾಲೆಗೆ ಹೋಗುವ ನೂರರಲ್ಲಿ ಐದಾರು ಮಕ್ಕಳಿಗೆ ಈ ಹೊಂದಾಣಿಕೆಯ ತೊಂದರೆ ಉಂಟು ಅಂತ ಲೆಕ್ಕ. ಅವರನ್ನು ಸೋಮಾರಿ, ಪೆದ್ದ ಅಂತ ಬೈದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿದಿದೆ.

— ನಮ್ಮ ಮನೆತನದಲ್ಲಿ ಎಲ್ಲರೂ ತಡವಾಗಿಯೇ ನಡೆದದ್ದು ಅಂತ ಅಮ್ಮ ಹೇಳ್ತಾರೆ.

— ಆ ಮಾತಿನ ಮೇಲೆ ವರ್ಷಗಟ್ಟಲೆ ಕಾದ ಮನೆಗಳು ಉಂಟು ಮಗಾ. ಸಣ್ಣ ವಯಸ್ಸಿನಲ್ಲಿ ಶುರು ಮಾಡಿದ ಫಿಸಿಯೋಥೆರಪಿಗೆ ಮಗುವಿನ ಮೈ ಒಗ್ಗುವಷ್ಟು ಆಮೇಲೆ ಒಗ್ಗುವುದಿಲ್ಲ. ನಿನಗೆ ಮಣಿಪಾಲದಲ್ಲಿ ಮಕ್ಕಳ ವೈದ್ಯರೂ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿಯವರೂ ಮನೆ ಬಾಗಿಲಲ್ಲೇ ಇದ್ದಾರೆ. ಹಳ್ಳಿಯಲ್ಲಿ ಇರುವವರಿಗೆ ಹೇಳು: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರ್ತದೆ. 2013ರಿಂದ ನಡೀತಾ ಉಂಟು. ಮಗುವಿನ ಬೆಳವಣಿಗೆಯ ಬಗ್ಗೆ ಸಣ್ಣ ಸಂಶಯ ಇದ್ದರೂ ಆ ದಿನ ಮಗುವನ್ನು ಕರ್ಕೊಂಡು ಬನ್ನಿ, ಕೆಲಸ ಉಂಟು ಅಂತ ತಪ್ಪಿಸಬೇಡಿ. ಹುಟ್ಟಿದ ಮಗುವಿನಿಂದ ಹದಿನೆಂಟು ವರ್ಷದವರೆಗೆ ಅಲ್ಲಿ ತಪಾಸಣೆಯೂ ಉಚಿತ, ಅವರು ಮುಂದೆ ಕಳುಹಿಸಿದಲ್ಲಿ ಚಿಕಿತ್ಸೆಯೂ ಉಚಿತ.